ಹಾಸ್ಟೆಲಿನ ಅಡುಗೆಮನೆ ನೋಡಲು ಮದರಾಸಿಗೆ

ಜೂನ್ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನದ ರೈಲಿನಲ್ಲಿ ನಾನೂ ಮೊಮ್ಮಗಳು ಅನಘಾಳೂ ಮೈಸೂರಿನಿಂದ ಮದರಾಸಿಗೆ ಹೊರಟೆವು. ಚೆನ್ನೈ ಅನ್ನಬೇಕು, ಗೊತ್ತು. ನನ್ನ ನಾಲಿಗೆ ಕೇಳುವುದಿಲ್ಲ. ಟಿಕೆಟ್ಟು ತಲೆಗೆ ಸಾವಿರದ ಇನ್ನೂರು ಚಿಲ್ಲರೆ, ದೂರ ಸುಮಾರು ಐನೂರು ಕಿಲೋಮೀಟರು. ಏಸಿ ಎಷ್ಟು ತಣ್ಣಗಿತ್ತೆಂದರೆ ಮಂಡ್ಯ ಬರುವುದರೊಳಗೆ ನಾನು ಶಾಲು ಹೊದ್ದು ಕೂತಿದ್ದೆ. ಅನಘಾಗೆ ಹದಿನೇಳು ವರ್ಷ. ಹನ್ನೆರಡನೇ ಕ್ಲಾಸು ಶುರುವಾಗಿ ಹತ್ತು ದಿನವಾಗಿತ್ತಷ್ಟೆ. ಈಗಿನ ಮಕ್ಕಳು ಕೊನೆಯ ವರ್ಷಕ್ಕೆ ಕಾಲಿಡುವಾಗಲೇ ಕಾಲೇಜುಗಳನ್ನು ನೋಡಿಟ್ಟುಕೊಳ್ಳುತ್ತಾರೆ, ನಾವು ಹಬ್ಬಕ್ಕೆ ಮುಂಚೆ ಅಂಗಡಿಗೆ ಹೋಗಿ ಸೀರೆ ನೋಡಿಟ್ಟು ಬರುತ್ತಿದ್ದ ಹಾಗೆ.

ಜೊತೆಗೆ ನಾನೇ ಯಾಕೆ ಅಂತ ಕೇಳಬಹುದು. ಮಗ ರಘು, ಸೊಸೆ ವೀಣಾ ಇಬ್ಬರಿಗೂ ರಜೆಯಿಲ್ಲ ಎನ್ನುವುದು ಅರ್ಧ ಕಾರಣ. ಇನ್ನರ್ಧ ನಮ್ಮ ಮನೆಯ ಪದ್ಧತಿ. ಹೆಣ್ಣುಮಗುವನ್ನು ಹಾಸ್ಟೆಲಿಗೆ ಬಿಡುವ ಮುಂಚೆ ಮನೆಯ ಹಿರಿಯರೊಬ್ಬರು ಖುದ್ದಾಗಿ ಹೋಗಿ, ಅಲ್ಲಿಯ ಅಡುಗೆಮನೆ ನೋಡಿ, ಒಂದು ಹೊತ್ತು ಅಲ್ಲೇ ಊಟ ಮಾಡಿ ಬರಬೇಕು. ನೀರು ಎಲ್ಲಿಯದು, ಅಡುಗೆಗೆ ಯಾರು, ಹಾಲಿನ ಪಾತ್ರೆ ಬೇರೆ ಇದೆಯೋ ಇಲ್ಲವೋ ಎಲ್ಲ ವಿಚಾರಿಸಬೇಕು. ನೋಡಿಬಂದವರು ಸರಿ ಅಂದರೆ ಸರಿ, ಇಲ್ಲ ಅಂದರೆ ಇಲ್ಲ, ಮೇಲೆ ಮಾತಿಲ್ಲ. ಈಗ ನಮ್ಮನೆಯಲ್ಲೇ ಬೆಳ್ಳುಳ್ಳಿ ಬಿಡಿಸುತ್ತಾರೆ, ಮಡಿ ಎನ್ನುವ ಪದ ಕೇಳಿ ಎಷ್ಟು ಕಾಲವಾಯಿತೋ. ಆದರೂ ಇದೊಂದು ಮಾತ್ರ ಹೇಗೋ ಉಳಿದುಕೊಂಡಿದೆ. ರಘುಗೆ ಮಗಳನ್ನು ಅಷ್ಟು ದೂರ ಕಳಿಸಲು ಮನಸ್ಸಿಲ್ಲ, ಹಾಗಂತ ಅವಳಿಗೆ ಹೇಳುವ ಧೈರ್ಯವೂ ಇಲ್ಲ. "ಅಮ್ಮ, ನೀನೇ ನೋಡ್ಕೊಂಡು ಬಾ. ನೀನು ಹೂಂ ಅಂದ್ರೆ ಹೂಂ. ಬೇಡ ಅಂದ್ರೆ ಇಲ್ಲೇ ಮೈಸೂರಲ್ಲಿ ಓದ್ಕೊಳ್ಲಿ," ಅಂದುಬಿಟ್ಟ, ಅವಳ ಎದುರಿಗೇ.

ಈ ಪದ್ಧತಿ ನನಗೆ ಏನು ಮಾಡಿತು ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅರವತ್ತು ವರ್ಷದ ಹಿಂದೆ ನಮ್ಮ ಕಾನ್ವೆಂಟಿನ ಸಿಸ್ಟರ್ ಆಗ್ನೆಸ್ ನನ್ನ ಪರವಾಗಿ ತಾವೇ ಕಾಗದ ಬರೆದು, ಮದರಾಸಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಗ್ಲಿಷ್ ಆನರ್ಸ್ ಸೀಟು ಕೊಡಿಸಿದ್ದರು. ಹಾಸ್ಟೆಲ್ ನೋಡಲು ಅಪ್ಪ ಹೋದರು. ಮೈಲಾಪೂರಿನಲ್ಲಿ ಅವರಕ್ಕನ ಮನೆಯಲ್ಲಿ ಎರಡು ದಿನ ಇದ್ದು ಬಂದರು. ಬಾಗಿಲಲ್ಲಿ ಟ್ರಂಕು ಇಳಿಸಿ, ಕಾಲು ತೊಳೆಯುವ ಮುಂಚೆಯೇ ಹೇಳಿದರು: "ಅಡುಗೆಮನೆ ಸರಿಯಿಲ್ಲ." ಅಷ್ಟೆ. ಆ ವರ್ಷವೇ ನನ್ನ ಮದುವೆಯಾಯಿತು. ಆ ಅತ್ತೆಯ ಮಗಳು, ನನ್ನ ವಾರಿಗೆಯ ರುಕ್ಕು, ಮನೆಯಿಂದಲೇ ಬಸ್ಸಿನಲ್ಲಿ ಅದೇ ಕಾಲೇಜಿಗೆ ಹೋಗಿ ಡಿಗ್ರಿ ತೆಗೆದುಕೊಂಡಳು. ಈಗ ಅನಘಾ ಇಂಟರ್ನೆಟ್ಟೆಲ್ಲ ಜಾಲಾಡಿ ಆರಿಸಿಕೊಂಡ ಮೊದಲನೇ ಕಾಲೇಜೂ ಅದೇ. ನಾನು ಹೇಳಿಕೊಟ್ಟದ್ದಲ್ಲ. ಅವಳು ಹೆಸರು ಹೇಳಿದ ದಿನ ಇನ್ನೊಂದು ಸಲ ಹೇಳಿಸಿ ಕೇಳಿದೆ.

ರೈಲಿನಲ್ಲಿ ಅವಳು ಕೇಳಿದಳು, "ಅಜ್ಜಿ, ಅಡುಗೆಮನೇಲಿ ಏನೇನು ನೋಡ್ತೀರಿ? ಲಿಸ್ಟ್ ಕೊಡಿ, ಪ್ರಿಪೇರ್ ಆಗಿರ್ತೀನಿ."

"ಪರೀಕ್ಷೆ ನಿನಗಲ್ಲ ಮಗು, ಅಡುಗೆಯವರಿಗೆ."

"ಅವರು ಬರೀತಾರೆ. ಫೇಲ್ ಆಗೋದು ನಾನು ತಾನೆ?"

ನಕ್ಕೆ. ಆದರೆ ಕಿಟಕಿಯ ಕಡೆ ತಿರುಗಿದ ಮೇಲೆ ನನಗೆ ಇಷ್ಟವಾಗದ ಒಂದು ಸಂಗತಿ ಹೊಳೆಯಿತು. ಅವಳು ಹೆದರಿದ್ದು ನೋಡಿ ನನಗೆ ಒಳಗೊಳಗೇ ಹಿತವಾಗಿತ್ತು.

ಸೆಂಟ್ರಲ್ ತಲುಪಿದಾಗ ಏಳು ದಾಟಿತ್ತು. ರೈಲಿನ ಬಾಗಿಲು ತೆರೆದದ್ದೇ, ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿದಂತೆ ಸೆಕೆ ಮುಖಕ್ಕೆ ಹೊಡೆಯಿತು. ಆಟೋದವನು ಮೈಲಾಪೂರಿಗೆ ಮುನ್ನೂರು ಕೇಳಿದ. ಅನಘಾ ಫೋನಿನಲ್ಲೇ ಇನ್ನೊಂದನ್ನು ನೂರ ಎಂಬತ್ತಕ್ಕೆ ಕರೆಸಿದಳು. ಗೊತ್ತಿಲ್ಲದ ಊರು, ಗೊತ್ತಿಲ್ಲದ ಭಾಷೆ, ಈ ಹುಡುಗಿಗೆ ಒಂದಿಷ್ಟೂ ಅಳುಕಿಲ್ಲ. ನಾನು ಅವಳ ವಯಸ್ಸಿನಲ್ಲಿ ಮಾರ್ಕೆಟ್ಟಿಗೆ ಒಬ್ಬಳೇ ಹೋದವಳಲ್ಲ.

ರುಕ್ಕುವಿನ ಮನೆ ಹಳೆಯ ಫ್ಲ್ಯಾಟಿನ ಎರಡನೇ ಮಹಡಿ, ಲಿಫ್ಟಿಲ್ಲ. ಗಂಡ ಹೋದ ಮೇಲೂ ಅಲ್ಲೇ ಇದ್ದಾಳೆ, ಮಗಳು ಎದುರು ಬೀದಿಯಲ್ಲಿ. "ವಾ ವಾ! ಏನ್ ಡೀ ಸುಶೀ, ಹೀಗೆ ಇಳೈಚ್ಚು ಹೋಗಿದೀಯ! ಸೊಸೆ ಊಟ ಹಾಕೋದಿಲ್ಲವಾ?" ಅಂತ ಬಾಗಿಲಲ್ಲೇ ಶುರು. ಸಣ್ಣಗಾಗಿದ್ದೀನಂತೆ. ಅವಳ ಕನ್ನಡದಲ್ಲಿ ಎರಡು ಮಾತಿಗೊಂದು ತಮಿಳು, ನನ್ನದರಲ್ಲಿ ಎರಡು ಮಾತಿಗೊಂದು ಇಂಗ್ಲಿಷು, ಹೇಗೋ ನಡೆಯುತ್ತದೆ. ಹಜಾರದ ಗೋಡೆಯ ಮೇಲೆ ಕಾಲೇಜಿನ ಗ್ರೂಪ್ ಫೋಟೋ: ಮುಂದಿನ ಸಾಲಿನಲ್ಲಿ ಎರಡು ಜಡೆಯ ರುಕ್ಕು. ಎಷ್ಟು ಸಲ ಬಂದರೂ ಆ ಫೋಟೋಗೆ ಬೆನ್ನು ಮಾಡುವ ಕುರ್ಚಿಯಲ್ಲೇ ನಾನು ಕೂರುವುದು. ಅನಘಾ ನೆಟ್ಟಗೆ ಅದರ ಮುಂದೆ ಹೋಗಿ ನಿಂತಳು. "ರುಕ್ಕಜ್ಜಿ, ಇದು ನೀವಾ? ಸೋ ಸ್ಟೈಲಿಶ್!" ರುಕ್ಕು ಕಾಲೇಜಿನ ಕಥೆ ತೆಗೆದಳು, ನಾಟಕ, ಡಿಬೇಟು, ಬಸ್ ತಪ್ಪಿಸಿಕೊಂಡು ಬೀಚಿಗೆ ಹೋದದ್ದು. ನಾನು ತಲೆನೋವೆಂದು ಒಳಗೆ ಹೋದೆ.

ಬುಧವಾರ ಪೆರುಂಗುಡಿಯ ಕಾಲೇಜು. ರಘು ಲಿಸ್ಟಿಗೆ ಸೇರಿಸಿದ್ದು. ಮೈಲಾಪೂರಿನಿಂದ ಮೇಲ್ಸೇತುವೆಯ ರೈಲಿನಲ್ಲಿ ಹತ್ತು ರೂಪಾಯಿಯೊಳಗೆ ಪೆರುಂಗುಡಿ, ಅಲ್ಲಿಂದ ಆಟೋ. ರಸ್ತೆಯುದ್ದಕ್ಕೂ ಐಟಿ ಆಫೀಸುಗಳ ಗಾಜು, ಕಣ್ಣು ಬಿಡಲಾಗದ ಬಿಸಿಲು. ಕಾಲೇಜೂ ಗಾಜಿನದೇ. ಟೈ ಕಟ್ಟಿದ ಹುಡುಗ ಪ್ಲೇಸ್‌ಮೆಂಟ್, ಪ್ಲೇಸ್‌ಮೆಂಟ್ ಅಂತ ಮುಕ್ಕಾಲು ಗಂಟೆ ಮಾತಾಡಿದ. ಅಡುಗೆಮನೆ ಇರಲೇ ಇಲ್ಲ, ಊಟ ಹೊರಗಿನಿಂದ ವ್ಯಾನಿನಲ್ಲಿ ಬರುತ್ತದಂತೆ.

"ಅಜ್ಜಿ, ಇದು ಕಾಲೇಜಾ, ಏರ್‌ಪೋರ್ಟಾ?" ಅನಘಾ ಪಿಸುಗುಟ್ಟಿದಳು.

"ಚೆನ್ನಾಗೇ ಇದೆಯಲ್ಲ. ಬೇಕಾದರೆ ಇಲ್ಲಿಗೆ ಸೇರು," ಅಂದೆ.

ನಿಜವಾಗಿಯೂ ಅಂದೆ. ಅಡುಗೆಮನೆಯೇ ಇಲ್ಲದ ಜಾಗಕ್ಕೆ ನಾನು ಧಾರಾಳವಾಗಿ ಹೂಂ ಅನ್ನಲು ತಯಾರಿದ್ದೆ. ಅಲ್ಲಿ ನನಗೆ ಬೇಕಾದದ್ದು ಏನೂ ಇರಲಿಲ್ಲ, ಅದಕ್ಕೆ.

ಗುರುವಾರ ಬೆಳಗ್ಗೆ ಆ ಕಾಲೇಜಿಗೆ ಹೋದೆವು. ಗೇಟಿನೊಳಗೆ ಕಾಲಿಟ್ಟರೆ ಊರಿನ ಸದ್ದೇ ನಿಂತುಹೋಯಿತು. ದೊಡ್ಡ ಮಳೆಮರಗಳು, ಕೆಂಪು ಗಾರೆಯ ಉದ್ದುದ್ದ ಜಗಲಿಗಳು, ಸಮುದ್ರದ ಕಡೆಯಿಂದ ಗಾಳಿ. ಸಿಸ್ಟರ್ ಆಗ್ನೆಸ್ ಆಗ ನನಗೆ ಲೈಬ್ರರಿಯ ಕಿಟಕಿಯ ತನಕ ಎಲ್ಲ ವರ್ಣಿಸಿದ್ದರು, ಹಾಗೆಯೇ ಇತ್ತು. ಹಾಳುಬಿದ್ದಿರಲಿ ಅಂತ ನಾನು ಆಸೆಪಟ್ಟಿದ್ದೆನೆಂದು ಆಗ ಗೊತ್ತಾಯಿತು. ನಮ್ಮನ್ನು ಸುತ್ತಿಸಲು ಬಂದವಳು ನಿಲಾ ಎನ್ನುವ ಎರಡನೇ ವರ್ಷದ ತಮಿಳು ಹುಡುಗಿ. ನನ್ನ ಇಂಗ್ಲಿಷ್ ಕೇಳಿ ಖುಷಿಯಾಗಿ, "ಪಾಟ್ಟಿ, ಯು ಸ್ಪೀಕ್ ಸೋ ಬ್ಯೂಟಿಫುಲಿ! ಯಾವ ಕಾಲೇಜು ನಿಮ್ಮದು?" ಅಂತ ಇಂಗ್ಲಿಷಿನಲ್ಲಿ ಕೇಳಿದಳು.

"ಐ ವಾಸ್ ಅಟ್ ಹೋಮ್," ಅಂದೆ. ತಮಾಷೆಯೆಂದುಕೊಂಡು ನಕ್ಕಳು.

ಹಾಸ್ಟೆಲಿನ ಅಡುಗೆಮನೆಯಲ್ಲಿ ತಪ್ಪು ಹುಡುಕಿಯೇ ತೀರುತ್ತೇನೆಂದು ಒಳಗೆ ಹೋದೆ. ಅಲ್ಲಿ ಮೇಲ್ವಿಚಾರಣೆ ಕುಂದಾಪುರದ ಸರೋಜಕ್ಕನದು. ಮಾವ ಇಲ್ಲಿ ಹೋಟೆಲಿನಲ್ಲಿ ಅಡುಗೆಗಿದ್ದವರು, ಇವಳು ಇಪ್ಪತ್ತು ವರ್ಷದಿಂದ ಈ ಹಾಸ್ಟೆಲಿನಲ್ಲಿ. ಕನ್ನಡ ಕೇಳಿದ್ದೇ ತಡ, ಸೆರಗಿಗೆ ಕೈಯೊರೆಸಿಕೊಂಡು ಬಂದಳು. "ಎಲ್ಲಿಂದ ಬಂದದ್ದ್ ಅಮ್ಮ? ಮೈಸೂರಾ? ಬನ್ನಿ, ಒಳಗ್ ಬನ್ನಿ. ಅಡಿಗೆಮನಿ ಕಾಂಬುಕ್ ಬಂದದ್ದಾ? ಕಾಣಿ, ಎಲ್ಲ ಕಾಣಿ!" ಹಾಲಿನ ಪಾತ್ರೆ ಬೇರೆ. ಕುಡಿಯುವ ನೀರು ಫಿಲ್ಟರಿನದು. ಮಾಂಸದ ಅಡುಗೆ ಅಂಗಳದ ಆಚೆ ಬೇರೆ ಕಟ್ಟಡದಲ್ಲಿ. ಒಲೆಯ ಹಿಂದಿನ ಗೋಡೆಗೆ ಬೆರಳು ಒತ್ತಿ ನೋಡಿದೆ, ಜಿಡ್ಡಿಲ್ಲ. ಊಟಕ್ಕೆ ಅನ್ನ, ಸಾರು, ಬೀಟ್‌ರೂಟ್ ಪಲ್ಯ, ಮೊಸರು, ಹಪ್ಪಳ. ಸಾರು ನಮ್ಮಮ್ಮನ ಕೈಯ ಸಾರಿನ ಹಾಗಿತ್ತು. ಇನ್ನೊಂದು ಸಲ ಹಾಕಿಸಿಕೊಂಡೆ.

ಊಟವಾದ ಮೇಲೆ ನಿಲಾ ಅನಘಾಳನ್ನು ಲೈಬ್ರರಿಗೆ ಕರೆದುಕೊಂಡು ಹೋದಳು. ನಾನು ಮೆಟ್ಟಿಲು ಹತ್ತಿ ನಿಧಾನವಾಗಿ ಹಿಂದಿನಿಂದ ಹೋದೆ. ಬಾಗಿಲಿಗೆ ಗಾಜಿತ್ತು. ಒಳಗೆ ಉದ್ದನೆಯ ಮೇಜು, ಮೇಜಿನ ಕೊನೆಗೆ ಕಿಟಕಿ, ಆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅನಘಾ. ಒಂದು ಪುಸ್ತಕ ತೆಗೆದು, ಕಾಲಮೇಲೆ ಕಾಲು ಹಾಕಿ, ಇಪ್ಪತ್ತು ವರ್ಷದಿಂದ ಅಲ್ಲೇ ಕೂತಿದ್ದವಳ ಹಾಗೆ ಓದುತ್ತಿದ್ದಳು. ಅದು ನನ್ನ ಕುರ್ಚಿ. ಹದಿನೇಳನೇ ವಯಸ್ಸಿನಲ್ಲಿ ಕಣ್ಣುಮುಚ್ಚಿ ಎಷ್ಟೋ ಸಲ ಕೂತ ಕುರ್ಚಿ. ಎಕ್ಸ್‌ಕ್ಯೂಸ್ ಮಿ, ಏಳು, ಅನ್ನಬೇಕೆನ್ನಿಸಿತು. ನನ್ನ ಸ್ವಂತ ಮೊಮ್ಮಗಳಿಗೆ.

ಅಷ್ಟರಲ್ಲಿ ರಘು ಫೋನ್ ಮಾಡಿದ. "ಹೇಗಿದೆಯಮ್ಮ ಅಡುಗೆಮನೆ?"

"ಅಡುಗೆಮನೆ ಸರಿಯಿಲ್ಲ ಕಣೋ," ಅಂದೆ.

ನನ್ನ ಬಾಯಿಂದ ಅಪ್ಪನ ದನಿಯೇ ಬಂದಂತಿತ್ತು. ರಘು "ಹಾಗಾದ್ರೆ ಬಿಡು," ಅಂದ. ಅವನ ದನಿಯಲ್ಲಿ ನಿರಾಳ. ಬಾಗಿಲು ತಳ್ಳದೆ ಹಾಗೇ ಕೆಳಗಿಳಿದುಬಂದೆ.

ಸಾಯಂಕಾಲ ರುಕ್ಕು ಹಜಾರದಲ್ಲಿ ಪೇಪರು ಹರಡಿಕೊಂಡು ಸೊಪ್ಪು ಬಿಡಿಸುತ್ತಿದ್ದಳು. ಒಳಗಿನ ಕೋಣೆಯಲ್ಲಿ ಅಪ್ಪನ ಜೊತೆ ಫೋನಿನಲ್ಲಿದ್ದ ಅನಘಾ ಹೊರಗೆ ಬಂದಳು. ಅಳಲಿಲ್ಲ, ಕೂಗಾಡಲಿಲ್ಲ.

"ಅಜ್ಜಿ, ನೀವು ಸಾರು ಎರಡು ಸಲ ಹಾಕಿಸ್ಕೊಂಡ್ರಿ," ಅಂದಳು. ಅಷ್ಟೇ ಹೇಳಿ ಬಾಲ್ಕನಿಗೆ ಹೋದಳು.

ರುಕ್ಕು ನನ್ನ ಮುಖ ನೋಡಿದಳು. "ಏನಂದೆ ಡೀ ರಘು ಹತ್ರ?"

ಹೇಳಿದೆ. ರುಕ್ಕು ಸೊಪ್ಪು ಕೆಳಗಿಟ್ಟಳು.

"ಶರಿ. ಹಾಗಾದ್ರೆ ನಾನೂ ಒಂದು ಹೇಳಿಬಿಡ್ತೀನಿ, ಕೇಳು. ನಿಮ್ಮಪ್ಪ ಆವತ್ತು ಅಡುಗೆಮನೆ ನೋಡ್ಕೊಂಡು ಬಂದು ನಮ್ಮ ಹಳೇ ಮನೇಲಿ ಅಮ್ಮನ ಹತ್ರ ಏನಂದ್ರು ಗೊತ್ತಾ? 'ಅಡುಗೆಯವರು ಉಡುಪಿ ಕಡೆ ಭಟ್ಟರು, ಅಕ್ಕ, ನಮ್ಮನೆಗಿಂತ ಮಡಿ ಜಾಸ್ತಿ' ಅಂದ್ರು. ನಾನು ಕದದ ಹಿಂದೇನೇ ಇದ್ದೆ."

"ಮತ್ತೆ?"

"ಮತ್ತೆ ಏನು, ರೀಡಿಂಗ್ ರೂಮ್ ನೋಡಿದ್ರಂತೆ. ಹುಡುಗೀರು ಕೂತ್ಕೊಂಡು ಇಂಗ್ಲಿಷ್ ಪೇಪರ್ ಓದ್ತಾ ಇದ್ರಂತೆ. 'ಸುಶೀ ಇಲ್ಲಿಗೆ ಬಂದ್ರೆ ನನಗೆ ಪೇಪರ್ ಓದಿ ಹೇಳೋರು ಯಾರು? ಇಲ್ಲಿ ಕೂತವಳು ಆಮೇಲೆ ನನ್ನ ಹತ್ರ ಏನು ಮಾತಾಡ್ತಾಳೆ?' ಅಂದ್ರು ಮಾಮ. ಕಣ್ಣಲ್ಲಿ ನೀರು."

ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ದಿನಾ ಸಾಯಂಕಾಲ ನಾನು ಇಂಗ್ಲಿಷ್ ಪೇಪರ್ ಓದಿ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದೆ. ಅವರು ನಶ್ಯದ ಡಬ್ಬಿ ತಿರುಗಿಸುತ್ತಾ ಕೇಳುತ್ತಿದ್ದರು. ನಾನು ಗಂಡನ ಮನೆಗೆ ಹೋದ ಮೇಲೆ ಪೇಪರ್ ನಿಲ್ಲಿಸಿದರು ಅಂತ ಅಮ್ಮ ಯಾವಾಗಲೋ ಹೇಳಿದ್ದಳು.

"ಅರವತ್ತು ವರ್ಷ ಬಾಯಿ ಮುಚ್ಕೊಂಡಿದ್ಯಲ್ಲೇ," ಅಂದೆ.

"ಹೇಳಿದ್ರೆ ಏನಾಗ್ತಿತ್ತು? ಅಷ್ಟರಲ್ಲಿ ನಿನ್ನ ಲಗ್ನಪತ್ರಿಕೆ ಅಚ್ಚಾಗಿತ್ತು." ರುಕ್ಕು ಮತ್ತೆ ಸೊಪ್ಪು ಕೈಗೆತ್ತಿಕೊಂಡಳು. "ನಿಜ ಹೇಳ್ಲಾ? ನನಗೆ ನಿನ್ನ ಮೇಲೆ ಪೊರಾಮೈ ಡೀ, ಅಸೂಯೆ. ನಾನು ಎಷ್ಟು ಉರು ಹೊಡೆದ್ರೂ ನಿನ್ನ ಇಂಗ್ಲಿಷ್ ನನಗೆ ಬರಲಿಲ್ಲ. ನೀನು ಬರ್ತಿಲ್ಲ ಅಂತ ಗೊತ್ತಾದಾಗ ನನಗೆ ಒಂಚೂರು ಸಂತೋಷಾನೇ ಆಯ್ತು."

ಆಗಲೇ ರಘುಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಅಪ್ಪನ ಮೇಲಿನ ಸಿಟ್ಟು, ರುಕ್ಕುವಿನ ಮೇಲಿನ ಸಿಟ್ಟು, ಎಲ್ಲ ಹಿಡಿದುಕೊಂಡು ಮಲಗಿದೆ.

ಶುಕ್ರವಾರ ಬೆಳಗ್ಗೆ ಆರಕ್ಕೆ ಮುಂಚೆಯೇ ರೈಲು. ರುಕ್ಕು ದಾರಿಗೆ ಮೊಸರನ್ನ ಕಟ್ಟಿಕೊಟ್ಟಳು, ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದುಕೊಂಡಳು. ನಾನೂ ಬಿಡಿಸಿಕೊಳ್ಳಲಿಲ್ಲ. ರೈಲಿನಲ್ಲಿ ಅನಘಾ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ತೊಡೆಯ ಮೇಲೆ ಆ ಕಾಲೇಜಿನ ಪ್ರಾಸ್ಪೆಕ್ಟಸ್, ಎರಡಾಗಿ ಮಡಿಚಿ. ಕಾಲೇಜಿನಿಂದ ಬರುವಾಗ ಅದನ್ನು ಮಡಿಕೆ ಬೀಳದ ಹಾಗೆ ಫೈಲಿನಲ್ಲಿ ಇಟ್ಟಿದ್ದಳು. ಅರಕ್ಕೋಣಂ ದಾಟಿತು. ನನ್ನ ಹತ್ತಿರ ಅವಳು ಒಂದು ಮಾತೂ ಆಡಲಿಲ್ಲ. ನಮ್ಮಪ್ಪ ಹೆದರಿದ್ದು ಇದಕ್ಕೇ ತಾನೆ ಅನ್ನಿಸಿತು. ನನ್ನನ್ನು ಕಟ್ಟಿಹಾಕಿದ ಮೇಲೂ ಅವರಿಗೆ ಸಿಕ್ಕಿದ್ದು ಅದೇ. ಮದುವೆಯಾದ ಮೇಲೆ ನಾನೂ ಅವರ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿದವಳಲ್ಲ.

ಕಾಟ್ಪಾಡಿಯಲ್ಲಿ ರೈಲು ನಿಂತಾಗ ರಘುಗೆ ಫೋನ್ ಮಾಡಿದೆ. ಅನಘಾಳ ಕಿವಿಯಿಂದ ಒಂದು ಇಯರ್‌ಫೋನ್ ಎಳೆದು, ಕೇಳಿಸುವ ಹಾಗೇ ಹೇಳಿದೆ.

"ರಘು, ನಿನ್ನೆ ನಾನು ಹೇಳಿದ್ದು ಸುಳ್ಳು. ಅಡುಗೆಮನೆ ಬಹಳ ಚೆನ್ನಾಗಿದೆ. ಸಾರು ಎರಡು ಸಲ ಹಾಕಿಸ್ಕೊಂಡೆ. ನನ್ನದು ಹೂಂ."

"ಮತ್ತೆ ಯಾಕಮ್ಮ ಸರಿಯಿಲ್ಲ ಅಂದೆ?"

"ಹೊಟ್ಟೆಕಿಚ್ಚು ಕಣೋ. ಪ್ಲೇನ್ ಹೊಟ್ಟೆಕಿಚ್ಚು."

ಅವನು, "ಅಷ್ಟು ದೂರ ಅಮ್ಮ..." ಅಂತ ಎಳೆದ.

"ದೂರ ಐನೂರು ಕಿಲೋಮೀಟರು. ಆರು ಗಂಟೆ ಚಿಲ್ಲರೆ. ಏಸಿ ಜಾಸ್ತಿ, ಮಗಳನ್ನ ನೋಡೋಕೆ ಹೋಗುವಾಗ ಶಾಲು ತಗೋ," ಅಂದು ಇಟ್ಟೆ.

ಅನಘಾ ಪ್ರಾಸ್ಪೆಕ್ಟಸ್ಸಿನ ಮಡಿಕೆ ಬಿಚ್ಚಿ, ಅಂಗೈಯಿಂದ ಉಜ್ಜಿ ಉಜ್ಜಿ ನೇರ ಮಾಡತೊಡಗಿದಳು. ಜೋಲಾರ್‌ಪೇಟೆ ಬರುವ ತನಕ ಅದೇ ಕೆಲಸ. ಆಮೇಲೆ ಕೇಳಿದಳು, "ಅಜ್ಜಿ, ಲೈಬ್ರರಿ ಹೇಗಿತ್ತು? ಮೇಲೆ ಸೀಲಿಂಗ್ ನೋಡಿದ್ರಾ? ಮರದ್ದು!"

"ನಾನು ಒಳಗೆ ಬರಲಿಲ್ಲ."

"ಯಾಕೆ?"

ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ಮರದ ಸೀಲಿಂಗ್ ಎಂದಾಗಲೂ ಚುರುಕ್ ಎಂದಿತು. ಅರವತ್ತು ವರ್ಷ ಕಾದು, ಐನೂರು ಕಿಲೋಮೀಟರು ಹೋಗಿ, ಆ ಕಾಲೇಜಿನಲ್ಲಿ ನಾನು ನೋಡಿಬಂದದ್ದು ಅಡುಗೆಮನೆಯೊಂದೇ.

"ಕಿಟಕಿ ಪಕ್ಕದ ಕುರ್ಚಿ ಇದೆಯಲ್ಲ," ಅಂದೆ, "ಬರೋ ವರ್ಷ ನಿನ್ನ ಬಿಡೋಕೆ ಬಂದಾಗ, ಮೊದಲು ಅದರಲ್ಲಿ ನಾನು ಕೂರ್ತೀನಿ. ಆಮೇಲೆ ನೀನು."