ಆಯಿ ತುಂಬಿದ ಬಾಟಲಿ

“ಆಯಿ, ತೊಳಿಬ್ಯಾಡ ಅದನ್ನ!” ಎಂದು ಕೂಗುತ್ತ ಓಡಿದೆ. ಅಷ್ಟರಲ್ಲಿ ಅವಳು ಸರ್ಕಾರದ ಬಾಟಲಿಯನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಕೊಡದಿಂದ ನೀರು ತುಂಬುತ್ತಿದ್ದಳು. ನಳದ ನೀರಲ್ಲ. ಬೀಗರು ಬಂದಾಗ ಮಾತ್ರ ತರುವ ಫಿಲ್ಟರ್ ನೀರು.

ಹೋದ ತಿಂಗಳ ಗುಟ್ಟು ಆಗ ಬಯಲಾಯಿತು.

ಹುಣಸಗಿ ಹತ್ತಿರದ ನಮ್ಮೂರಲ್ಲಿ ನಳಕ್ಕೆ ನೀರು ಬಿಡುವವನು ನಾನು. ಏಳನೇ ತರಗತಿಯಲ್ಲಿ ಫೇಲಾಗಿ ಶಾಲೆ ಬಿಟ್ಟೆ. ವಾಲ್ ತಿರುಗಿಸಲು ಅಷ್ಟು ಸಾಕು. ಕೆನಾಲ್ ಬಂದ ಮೇಲೆ ಊರ ಸುತ್ತ ಭತ್ತ, ಊರೊಳಗೆ ಸದಾ ತುಂಬಿದ ಗಟಾರ. ನಮ್ಮ ಓಣಿಯ ಪೈಪು ಆ ಗಟಾರದಲ್ಲೇ ಮುಳುಗಿತ್ತು. ಅಕ್ಕನ ಮಗಳಿಗೆ ವಾಂತಿ-ಭೇದಿಯಾಗಿ ಎರಡು ಸಲ ಸಲೈನ್ ಹಾಕಿಸಿದ್ದೆವು. ಪೈಪು ಮೇಲೆತ್ತಿ ಎಂದರೆ, ನೀರು ಕೆಟ್ಟಿದೆಯೆಂದು ಸುರಪುರದ ಲ್ಯಾಬಿನಿಂದ ಕಾಗದ ಬರಲಿ ಎಂದರು ಪಂಚಾಯ್ತಿಯವರು.

ನೀರು ಬಿಡುವ ಹೊತ್ತಿಗೆ ನಾನು ಊರ ನೀರಿನ ಟಾಕಿ ಹತ್ತಿರ ಇರಬೇಕು. ಅದಕ್ಕೇ ಓಣಿಯ ಕೊನೆಯ ಮನೆಯ ಮುದುಕಿಗೆ, ಪರೀಕ್ಷೆಯ ನೀರು ತುಂಬಲು ಲ್ಯಾಬಿನವರು ಕೊಟ್ಟ ಬಾಟಲಿ ಕೊಟ್ಟು ಹೋಗುತ್ತಿದ್ದೆ. ಓಣಿಗೆಲ್ಲ ಅವಳು ಆಯಿ. ಹೋದ ತಿಂಗಳು ಕಾಗದ ಬಂತು: ಕುಡಿಯಲು ಯೋಗ್ಯ. ಪಂಚಾಯ್ತಿಯಲ್ಲಿ ನನ್ನ ಮುಖ ನೋಡಿ ನಕ್ಕರು. ಈ ಸಲ ವಾಲ್ ತಿರುಗಿಸಿದವನೇ ಆಯಿಯ ಮನೆಗೆ ಬಂದೆ, ಕಂಡದ್ದು ಇದು.

“ನಳದ ನೀರು ತುಂಬು ಅಂದಿದ್ನಲ್ಲ?”

“ಆ ಹೊಲಸು ನೀರು ಸಾಹೇಬರಿಗಿ ಕೊಡ್ಲೇನೋ ಖೋಡಿ? ಸುರಪುರದಾಗ ಊರ ಮರ್ಯಾದಿ ಏನ್ ಉಳಿತದ?”

“ಅವರು ಕುಡಿಯಂಗಿಲ್ಲ ಆಯಿ, ಪರೀಕ್ಷಾ ಮಾಡ್ತಾರ.”

“ಪರೀಕ್ಷಾ ಅಂದ್ಮ್ಯಾಲ ಪಾಸಾಗಬೇಕು. ನಿನ್ನಂಗ ಏಳನೇತ್ತಾದಾಗ ಕೂಡಬೇಕೇನು?”

ನನಗೂ ಸಿಟ್ಟು ಬಂತು. “ಜ್ವರ ನಿನಗ ಬಂದಾಗ ದವಾಖಾನಿಗಿ ನಿನ್ನ ಸೊಸಿನ್ನ ಕಳಿಸಿದ್ರ ಡಾಕ್ಟರ್ ಏನ್ ನೋಡ್ತಾನ?”

ಆಯಿ ಕೊಡ ಕೆಳಗಿಟ್ಟಳು. “ಹಂಗಂತ ಮದ್ಲ ಹೇಳಾಕ ಏನಾಗಿತ್ತು ನಿನಗ? ತಾ ಇಲ್ಲಿ, ಗಟಾರದಾಗಿಂದೇ ತುಂಬತೀನಿ!”

“ಬ್ಯಾಡ ಬ್ಯಾಡ, ನಳದ್ದೇ ಸಾಕು!”

ನನ್ನ ಹತ್ತಿರ ಇನ್ನೊಂದು ಬಾಟಲಿ ಇತ್ತು. ತೊಳೆಯದೆ ನಳಕ್ಕೆ ಹಿಡಿದೆವು. ಬಸ್ಸಿನಲ್ಲಿ ಯಾರಿಗೂ ಕಾಣಬಾರದೆಂದು ಆಯಿ ಅದಕ್ಕೆ ಬಟ್ಟೆ ಸುತ್ತಿ ಕೊಟ್ಟಳು.

ಕಾಗದ ಬಂತು: ಕುಡಿಯಲು ಯೋಗ್ಯವಲ್ಲ. ಫೇಲಾಗಿ ಖುಷಿಪಟ್ಟದ್ದು ಅದೇ ಮೊದಲು. ಪೈಪು ಗಟಾರದಿಂದ ಮೇಲೆ ಬಂತು, ಮುಂದಿನ ಕಾಗದದಲ್ಲಿ ನಳದ ನೀರೇ ಪಾಸಾಯಿತು.

ಪೈಪಿನ ಕೆಲಸ ನೋಡಲು ಸುರಪುರದ ಸಾಹೇಬರು ಬಂದ ದಿನ ಆಯಿ ನಳದ ನೀರನ್ನೇ ತಂಬಿಗೆಯಲ್ಲಿ ತಂದಳು. ಅವರು ತಂಬಿಗೆ ನೋಡಿದರು, ನನ್ನನ್ನು ನೋಡಿದರು.

“ಕುಡಿರಿ ಸಾಹೇಬ್ರ, ಪಾಸಾದ ನೀರದ!”

ಕುಡಿದರು. ಅಕ್ಕನ ಮಗಳು ಈಗ ಆ ನಳಕ್ಕೇ ಬಾಯಿ ಹಚ್ಚುತ್ತಾಳೆ. ಆಮೇಲೆ ಸಲೈನ್ ಹಾಕಿಸಿಲ್ಲ. ಇನ್ನು ಹೇಳಲು ನನ್ನ ಹತ್ತಿರ ಏನೂ ಇಲ್ಲ.