ಓಡಿಹೋದವನ ಹೆಂಡತಿ

ಟೈಲರಕ್ಕನ ಹೊಟ್ಟೆಕಿಚ್ಚು ಅಂತಿಂಥದ್ದಲ್ಲ ಬಿಡಿ. ನಿಮ್ಮದು ನಮ್ಮದು ಪಕ್ಕದ ಮನೆಗೆ ಹೊಸ ಫ್ರಿಜ್ ಬಂದಾಗ ಹತ್ತಿಕೊಂಡು ಸಂಜೆಯೊಳಗೆ ಆರಿಹೋಗುವಂಥದ್ದು. ಇವಳದ್ದು ಹದಿನೆಂಟು ವರ್ಷದಿಂದ ಒಂದೇ ಸಮ ಉರಿಯುತ್ತಿತ್ತು, ಅದೂ ಒಬ್ಬಳೇ ಒಬ್ಬ ಹೆಂಗಸಿನ ಮೇಲೆ.

ಆ ಹೆಂಗಸು ಗ್ಯಾರೇಜಿನ ಎದುರಿನ ಕ್ಲಿನಿಕ್ಕಿನಲ್ಲಿ ನರ್ಸಾಗಿದ್ದವಳು. ಗ್ಯಾರೇಜು ಟೈಲರಕ್ಕನ ಅಣ್ಣನದು, ಅವಳ ಗಂಡ ಅಲ್ಲೇ ಮೆಕ್ಯಾನಿಕ್ಕು. ಸ್ಪ್ಯಾನರ್ ಜಾರಿ ಬೆರಳಿಗೆ ಪೆಟ್ಟಾದರೆ ರಸ್ತೆ ದಾಟಿ ಹೋಗುತ್ತಿದ್ದ, ಬ್ಯಾಂಡೇಜ್ ಕಟ್ಟಿಸಿಕೊಂಡು ನಗುನಗುತ್ತ ವಾಪಸ್ ಬರುತ್ತಿದ್ದ. ಬ್ಯಾಂಡೇಜ್ ಕಟ್ಟಿಸಿಕೊಳ್ಳೋದರಲ್ಲಿ ನಗೋದಕ್ಕೇನಿದೆ ಅಂತ ಇವಳಿಗೆ ಆಗಲೇ ಒಳಗೊಳಗೇ ಉರಿ. ಹೀಗಿರುವಾಗ ಒಂದು ದಿನ ಕೆಲಸಕ್ಕೆ ಹೋದ ಗಂಡ ಮನೆಗೆ ಬರಲಿಲ್ಲ. ಅದೇ ವಾರ ನರ್ಸೂ ಬೇರೆ ಊರಲ್ಲಿ ಕೆಲಸ ಸಿಕ್ಕಿತು ಅಂತ ಊರು ಬಿಟ್ಟಳು. ಇನ್ನೇನು ಬೇಕು? ಇಬ್ಬರೂ ಓಡಿಹೋದರು ಅಂತ ಬೀದಿಗೆ ಬೀದಿಯೇ ಆಡಿಕೊಂಡಿತು.

ಅಂದಿನಿಂದ ಹೊಲಿಗೆ ಮಿಷನ್ ತುಳಿಯುತ್ತ ಕೂತರೆ ಟೈಲರಕ್ಕ ಆ ಇಬ್ಬರ ಸಂಸಾರವನ್ನು ತಾನೇ ನಡೆಸುತ್ತಿದ್ದಳು. ಅವರಿಗೊಂದು ಬಾಡಿಗೆ ಮನೆ ಹುಡುಕಿಕೊಟ್ಟಳು. ಗಾಳಿ ಬೆಳಕು ಚೆನ್ನಾಗಿದ್ದ ಮನೆ, ಅದಕ್ಕೂ ಸಂಕಟಪಟ್ಟಳು. ತನಗಿಲ್ಲದ ಮಗುವನ್ನು ಅವರಿಗೆ ಹುಟ್ಟಿಸಿ, ಶಾಲೆಗೆ ಸೇರಿಸಿ, ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿಸಿ, ಆ ರಾತ್ರಿ ಊಟ ಸೇರದೆ ಮಲಗಿದಳು. ಎಲ್ಲಕ್ಕಿಂತ ಹೆಚ್ಚು ಸುಡುತ್ತಿದ್ದದ್ದು ಒಂದು ಅಂಗಿ. ಹೋದ ದಿನ ಅವನು ಹಾಕಿಕೊಂಡಿದ್ದ ನೀಲಿ ಟೆರಿಲಿನ್ ಅಂಗಿಯ ಕಾಲರ್ ಸವೆದಿತ್ತು. ಇವಳೇ ಅದನ್ನು ಬಿಚ್ಚಿ, ಮಗುಚಿ, ನೀಲಿ ದಾರ ಮುಗಿದಿತ್ತೆಂದು ಕಪ್ಪು ದಾರದಲ್ಲಿ ಹೊಲಿದಿದ್ದಳು. ಗ್ಯಾರೇಜಿನಲ್ಲಿ ಯಾರು ನೋಡುತ್ತಾರೆ ಅಂತ. ಈಗ ಆ ಮಿಟಕಲಾಡಿ ಅದನ್ನು ಒಗೆಯುವಾಗ ನೋಡಿ ನಕ್ಕಿರುತ್ತಾಳೆ. ಟೈಲರ್ ಅಂತೆ, ಗಂಡನಿಗೆ ಒಂದು ಹೊಸ ಅಂಗಿ ಹೊಲಿದುಕೊಡೋ ಯೋಗ್ಯತೆ ಇಲ್ಲ ಅಂತ.

ಅಣ್ಣ ಮಾತ್ರ ದೇವರಂಥವನು. ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಸಾಕಿದವನು ಅವನೇ. ಗಂಡ ಹೋದ ಮೇಲೂ ಅಂಗಡಿ ಹಾಕಿಕೊಟ್ಟ, ಮಿಷನ್ನಿಗೆ ಮೋಟರ್ ಕೂರಿಸಿಕೊಟ್ಟ. ಇವಳು ನರ್ಸಿಗೆ ಹಿಡಿಶಾಪ ಹಾಕುವಾಗ ತಲೆ ತಗ್ಗಿಸಿ ಕೇಳುತ್ತಿದ್ದ, ಭಾವನ ಮೇಲೆ ಒಂದು ಕೆಟ್ಟ ಮಾತು ಆಡಿದವನಲ್ಲ. ಎಂಥ ದೊಡ್ಡ ಮನಸ್ಸು ಅಂತ ಇವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮೊನ್ನೆ ರಸ್ತೆ ಅಗಲ ಮಾಡುವವರು ಬಂದರು. ಅಣ್ಣ ಆಫೀಸಿಂದ ಆಫೀಸಿಗೆ ಅಲೆದು ಕೈಕಾಲು ಹಿಡಿದರೂ ಕೆಲಸವಾಗಲಿಲ್ಲ, ಗ್ಯಾರೇಜಿನ ಮುಂಭಾಗ ಒಡೆದರು. ಗಾಡಿಯ ಕೆಳಗೆ ಇಳಿದು ಕೆಲಸ ಮಾಡುವ ಗುಂಡಿಯೊಂದು ಅಲ್ಲಿತ್ತು, ಬಹಳ ಹಿಂದೆಯೇ ಸಿಮೆಂಟು ತುಂಬಿ ಮುಚ್ಚಿದ್ದು. ಅದನ್ನು ಅಗೆದಾಗ ಮೂಳೆಗಳು ಸಿಕ್ಕವು. ಪೊಲೀಸರು ಬಂದು ಹಗ್ಗ ಕಟ್ಟಿದರು. ಟೈಲರಕ್ಕ ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ಮುಂದೆ ಹೋಗಿ ಬಗ್ಗಿ ನೋಡಿದಳು. ನೀಲಿ ಬಟ್ಟೆಯ ಚೂರು, ಕಾಲರು, ಕಪ್ಪು ದಾರ.

ಹೇಳಬಾರದು, ಆದರೂ ಹೇಳಬೇಕು. ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಖುಷಿ. ಹಾಗಾದರೆ ಅವನು ಆ ನರ್ಸಿನ ಹತ್ತಿರ ಇರಲೇ ಇಲ್ಲ! ಆಮೇಲೆ ತಾನು ನಿಂತಿರುವುದು ಯಾರ ಗ್ಯಾರೇಜು ಅನ್ನುವುದು ನೆನಪಾಯಿತು. ನೀರು ಜಿನುಗುತ್ತದೆ ಅಂತ ಅಣ್ಣ ಆ ಗುಂಡಿ ಮುಚ್ಚಿಸಿದ್ದು ಗಂಡ ಕಾಣೆಯಾದ ವಾರವೇ.

ಮಧ್ಯಾಹ್ನ ಅಣ್ಣನೇ ಅಂಗಡಿಗೆ ಬಂದು ಶಟರ್ ಅರ್ಧ ಎಳೆದು ಕೂತ. ಮುಚ್ಚಿಡಲಿಲ್ಲ. ಗಿರಾಕಿಗಳೆಲ್ಲ ಭಾವನನ್ನೇ ಕೇಳಿಕೊಂಡು ಬರುತ್ತಿದ್ದರಂತೆ. ಅವನು ಬೇರೆ ಗ್ಯಾರೇಜ್ ಹಾಕುತ್ತೇನೆ ಅಂದನಂತೆ. ನನಗೆ ಮೈಯೆಲ್ಲ ಉರಿದು ಒಂದು ಸಲ ತಳ್ಳಿದೆ, ಗುಂಡಿಯ ಅಂಚಿಗೆ ತಲೆ ಬಡಿಯಿತು, ಅಷ್ಟೇ ಅಂದ. ಇಷ್ಟು ವರ್ಷ ಹೊಟ್ಟೆಕಿಚ್ಚು ತನ್ನೊಬ್ಬಳ ಸ್ವತ್ತು ಅಂದುಕೊಂಡಿದ್ದ ಟೈಲರಕ್ಕ ಅವನ ಮುಖವನ್ನೇ ನೋಡಿದಳು.

"ಪುಟ್ಟಿ, ಸ್ಟೇಷನ್ನಲ್ಲಿ ಕೇಳ್ತಾರೆ," ಅಂದ. "ನರ್ಸ್ ಕಡೆಯವರು ಏನೋ ಮಾಡಿರಬೇಕು ಅನ್ನು. ಅವಳ ಮೇಲೆ ಊರಿಗೆಲ್ಲ ಅನುಮಾನ ಇದ್ದೇ ಇದೆ."

"ಓಡಿಹೋದ ಅಂತ ನನಗೆ ಯಾಕಣ್ಣ ಸುಳ್ಳು ಹೇಳಿದೆ?"

"ನಾನೆಲ್ಲಿ ಹೇಳಿದೆ? ಮಾರನೇ ದಿನ ಬೆಳಿಗ್ಗೆ ನೀನೇ ಬಂದು ಕೇಳಿದೆ, ಆ ನರ್ಸ್ ಜೊತೆ ಹೋದನಾ ಅಂತ. ನಾನು ಹೂಂ ಅಂದೆ."

ನಿಜ. ಗಂಡ ಎಲ್ಲಿ ಅಂತ ಇವಳು ಕೇಳಿರಲಿಲ್ಲ. ಅವಳ ಜೊತೆ ಹೋದನಾ ಅಂತ ಕೇಳಿದ್ದಳು.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗ ನರ್ಸಿನ ಹೆಸರು ನಾಲಿಗೆ ತುದಿಯಲ್ಲೇ ಇತ್ತು. ಒಂದು ಮಾತು ಆಡಿದರೆ ಸಾಕು, ಎಲ್ಲಿದ್ದರೂ ಅವಳನ್ನು ಎಳೆದುಕೊಂಡು ಬಂದು ಇದೇ ಬೆಂಚಿನ ಮೇಲೆ ಕೂರಿಸುತ್ತಾರೆ. ಅವಳ ಬಾಡಿದ ಮುಖವನ್ನು ಕಣ್ತುಂಬ ನೋಡಬಹುದು. ಅಣ್ಣನೂ ಉಳಿಯುತ್ತಾನೆ. ತಪ್ಪಿಲ್ಲದವಳು ಅಂತ ಗೊತ್ತಿದ್ದೂ ಆಸೆಯಾಯಿತು, ಬಾಯಲ್ಲಿ ನೀರೂರುವಷ್ಟು ಆಸೆ.

ಇನ್ಸ್‌ಪೆಕ್ಟರು ಕಾಗದದಿಂದ ತಲೆಯೆತ್ತಿ, ಗಂಡ ಕಾಣೆಯಾದಾಗ ಕಂಪ್ಲೇಂಟ್ ಕೊಟ್ಟಿದ್ದಿರಾ ಅಂತ ಕೇಳಿದರು. ಇಲ್ಲ ಅಂದಳು.

"ಯಾಕಮ್ಮ? ಒಂದು ದಿನನೂ ಹುಡುಕಲಿಲ್ವಾ?"

ಬೈಯುವ ದನಿಯಲ್ಲ, ಸುಮ್ಮನೆ ಕೇಳಿದ್ದು. ಟೈಲರಕ್ಕ ಬಾಯಿ ತೆರೆದಳು, ನರ್ಸಿನ ಹೆಸರು ಬರಲಿಲ್ಲ.

"ಇಲ್ಲ ಸಾರ್, ಹುಡುಕಲಿಲ್ಲ. ಅವನು ಎಲ್ಲೂ ಓಡಿಹೋಗಿರಲಿಲ್ಲ. ನರ್ಸ್ ಕಥೆ ನಾನು ಕಟ್ಟಿದ್ದು. ಆ ಗುಂಡಿ ಮುಚ್ಚಿಸಿದ್ದು ನಮ್ಮಣ್ಣ."

ಅಣ್ಣ ಮಾಡಿದ್ದನ್ನೆಲ್ಲ ಹೇಳಿದಳು. ಇನ್ಸ್‌ಪೆಕ್ಟರು ಬರೆದುಕೊಂಡರು. ಸಹಿ ಹಾಕಿ, ಅಲ್ಲೇ ಮೇಜಿನ ಮೇಲೆ ತಲೆಯಿಟ್ಟು ಮೊದಲ ಸಲ ಗಂಡನಿಗಾಗಿ ಅತ್ತಳು. ಇಷ್ಟು ವರ್ಷ ದಿನಾ ಮಧ್ಯಾಹ್ನ ಅಣ್ಣನಿಗೆ ಊಟದ ಡಬ್ಬಿ ಕೊಡಲು ಗ್ಯಾರೇಜಿಗೆ ಹೋಗುತ್ತಿದ್ದಳು. ಹೋದಾಗಲೆಲ್ಲ ಆ ಸಿಮೆಂಟಿನ ಮೇಲೇ ನಿಂತು, ನೀನು ಎಲ್ಲಿದ್ದರೂ ಉದ್ಧಾರವಾಗಬೇಡ ಅಂತ ಅವನಿಗೆ ಶಾಪ ಹಾಕಿ ಬಂದಿದ್ದಳು.