ಅತ್ತೆ ಕಟ್ಟಿದ ಶಬ್ದಗಳು

ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಕೇರುತ್ತಿದ್ದೆ, ಆಳಂದದ ದವಾಖಾನೆಯಿಂದ ನಮ್ಮ ಯಜಮಾನರ ಫೋನು ಬಂತು. ಬೆಳಿಗ್ಗೆ ಅತ್ತೆಗೆ ತಲೆ ತಿರುಗಿತ್ತು. ಇವರೂ ನನ್ನ ಮೈದುನನೂ ಸೇರಿ ಕರೆದುಕೊಂಡು ಹೋಗಿದ್ದರು.

"ಅವ್ವಗ ಮರವಿನ ಬ್ಯಾನಿ ಅಂತ" ಅಂದರು. "ಸೂರ್ಯನ ಚಿತ್ರ ತೋರಿಸಿದ್ರ ಹಗಲುಗಣ್ಣ ಅಂದಳು. ಇವತ್ತು ಯಾವ ವಾರ ಅಂದ್ರ ಐತಾರದಾಚಿ ಅಂದಳು. ಗುಳಿಗಿ ಬರದಾರ. ಇನ್ಮ್ಯಾಲ ಅವ್ವನ್ನ ಒಲಿ ಹತ್ರ ಬಿಡಬ್ಯಾಡ್ರಿ, ದೇವರ ಮುಂದ ದೀಪಾನೂ ಹಚ್ಚಗೊಡಬ್ಯಾಡ್ರಿ ಅಂತ ತಮ್ಮ ಹೇಳಾಕತ್ತಾನ."

ನನಗೆ ಮೈಯೆಲ್ಲ ಉರಿದುಹೋಯಿತು. ದೀಪ ಹಚ್ಚದೆ ಒಂದು ದಿನವೂ ನೀರು ಮುಟ್ಟಿದವರಲ್ಲ ಅತ್ತೆ. ಅದನ್ನು ಕಸಿದುಕೊಂಡರೆ ಅವರಿಗೆ ಉಳಿಯುವುದೇನು?

ನಮ್ಮ ಮನೆತನದಲ್ಲಿ ಸೊಸೆಯಾದವಳು ಗಂಡನ ಹೆಸರನ್ನೂ ಭಾವನ ಹೆಸರನ್ನೂ ಬಾಯಿಗೆ ತರುವಂತಿಲ್ಲ. ಆ ಹೆಸರಿನೊಳಗಿರುವ ಶಬ್ದವನ್ನೂ ಅನ್ನುವಂತಿಲ್ಲ. ಮಾವನವರ ಹೆಸರಿನಲ್ಲಿ ಸೂರ್ಯ ಇದ್ದಾನೆ, ಅವರ ಅಣ್ಣನ ಹೆಸರಿನಲ್ಲಿ ಸೋಮವಾರದ ಸೋಮ. ಬೇರೆ ಹೆಣ್ಣುಮಕ್ಕಳು "ಅದು, ಅದು" ಅಂತ ಬೆರಳು ತೋರಿಸಿ ಸುಮ್ಮನಾಗುತ್ತಾರೆ. ಅತ್ತೆ ಹಾಗಲ್ಲ, ಶಬ್ದ ಕಟ್ಟುತ್ತಾರೆ. ಹಗಲಿನ ಕಣ್ಣು ಹಗಲುಗಣ್ಣ ಆಯಿತು. ಮಳೆಯ ಕಾಲ ಮಳೆಗಾಲ ಆದ ಹಾಗೆಯೇ, ನಾಲಿಗೆಗೆ ಒಗ್ಗುವಂತೆ ಕ ಹೋಗಿ ಗ ಬಂತು. ಯಾರೂ ಕಲಿಸಿದ್ದಲ್ಲ. ಹೊಲದಲ್ಲಿ ಬೆಳೆಯುವ ಸೂರ್ಯಕಾಂತಿ ಹಗಲುಗಣ್ಣಿ. ಐತಾರ, ಅಂದರೆ ಭಾನುವಾರ, ದಾಟಿದ ಮೇಲೆ ಬರುವ ವಾರ ಐತಾರದಾಚಿ. ನಮ್ಮ ಯಜಮಾನರು, ಮೈದುನ ಇಬ್ಬರೂ ಹಗಲುಗಣ್ಣಿ ಎಣ್ಣೆಯ ಬಜ್ಜಿ ತಿಂದು, ಅದೇ ಮಾತಾಡಿ ಬೆಳೆದವರು.

ಡಾಕ್ಟರರ ಮೇಲೆ ನನಗೆ ಸಿಟ್ಟಿಲ್ಲ, ಅವರು ಪರವೂರಿನವರು. ಇವರಿಬ್ಬರು?

"ರೀ, ನಿಮಗ ಗೊತ್ತಿತ್ತಲ್ರಿ! ಬಾಯಾಗ ಏನ್ ಇಟ್ಕೊಂಡು ನಿಂತಿದ್ರಿ?"

"ಅಷ್ಟು ಮಂದಿ ಮುಂದ ಹ್ಯಾಂಗ ಹೇಳೋದು? ಗಮಾರರು ಅಂತಾರ."

"ನಿಮ್ಮಪ್ಪನ ಮಾನ ಕಾಯಾಕ ನಿಮ್ಮವ್ವ ಜೀವಮಾನ ಪೂರ್ತಿ ನಾಲಿಗಿ ಬಿಗಿ ಹಿಡದಾರ. ಈಗ ನಿಮ್ಮ ಮಾನ ಕಾಯಾಕ ಹುಚ್ಚಿ ಅಂತ ಅನ್ನಿಸ್ಕೋಬೇಕೇನ್ರಿ? ಫೋನ್ ಡಾಕ್ಟರ್ ಕೈಗೆ ಕೊಡ್ರಿ. ಇಲ್ಲಂದ್ರ ಮುಂದಿನ ಬಸ್ಸಿಗೆ ನಾನೇ ಬರ್ತೇನಿ, ಬಂದು ಎಲ್ಲಾರ ಮುಂದ ಒದರ್ತೇನಿ."

ಕೊಟ್ಟರು. ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬೇರೆ ಚಿತ್ರ ತೋರಿಸಿದರಂತೆ: ಬೀಗ, ಬಾಚಣಿಗೆ, ಆಡು. ಅತ್ತೆ ಪಟಪಟ ಹೆಸರು ಹೇಳಿ, "ಆಡಿಗೆ ಗಡ್ಡ ಬರಿಯೋದು ನಿಮ್ಮೋರೇ ಮರ್ತಾರ ನೋಡ್ರಿ" ಅಂದರಂತೆ. ಡಾಕ್ಟರು ಇನ್ನೂ ಏನೇನೋ ಕೇಳಿ ನೋಡಿ, ಮರೆವೂ ಇಲ್ಲ, ಗುಳಿಗೆಯೂ ಬೇಡ ಅಂದರು. ತಲೆ ತಿರುಗಿದ್ದು ಐತಾರದಾಚಿಯ ಉಪವಾಸಕ್ಕೆ.

ಗುಳಿಗೆ ಇನ್ನೂ ಹೊಟ್ಟೆಗೆ ಹೋಗಿರಲಿಲ್ಲ, ಫೋನು ನಡುವೆ ಕಡಿಯಲಿಲ್ಲ, ಡಾಕ್ಟರರಿಗೆ ಕೇಳುವ ತಾಳ್ಮೆಯಿತ್ತು. ಶಿವ ಕೊಟ್ಟ ಇಷ್ಟನ್ನೂ ನೆನೆದು ಕೈಮುಗಿದೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ಮಧ್ಯಾಹ್ನ ಮನೆಗೆ ಬಂದರು. ಮೈದುನ ನನ್ನ ಮುಖ ನೋಡದೆ, "ಒಂದ್ ಸಲ ಸೂರ್ಯ ಅಂದಿದ್ರ ಏನ್ ಹೋಗ್ತಿತ್ತವ್ವ?" ಅಂದ.

"ನನಗ ಅವರ ಹೆಸರು ಹೇಳಾಕ ನಾಚಿಕಿ, ನಿನಗ ಅವ್ವನ ಮಾತು ಹೇಳಾಕ ನಾಚಿಕಿ. ನನಗ ಗುಳಿಗಿ ಬರಸಿದಿ, ನಿನಗ ಯಾರು ಬರೀತಾರಲೇ?" ಅಂದು ಅತ್ತೆ ಒಳಗೆ ಹೋಗಿ ತಾವೇ ದೀಪ ಹಚ್ಚಿದರು. ಯಾರೂ ತಡೆಯಲಿಲ್ಲ.

ಯಜಮಾನರು ಕುಡಿಯಲು ನೀರು ಕೇಳಿದರು. ಕೊಡ ಅಲ್ಲೇ ಅದ, ತಗೋರಿ ಅಂದೆ. ಅತ್ತೆಯ ಉಪವಾಸದ ಫರಾಳಕ್ಕೆ ಶೇಂಗಾ ಹುರಿಯಬೇಕಿತ್ತು. ಒಲೆ ಹೊತ್ತಿಸಿ ಬಾಣಲೆ ಇಟ್ಟೆ.